ಎಳೆಯ ಗುಟ್ಟು

ಮೈಸೂರು ನಗರದ ಮಾನಂದವಾಡಿ ರಸ್ತೆಯಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆಯೊಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ಅದು ಸ್ಥಾಪನೆಯಾಯಿತು. ಮೈಸೂರು ರೇಷ್ಮೆಯ ಹೆಸರು ನಾಡಿನ ಆಚೆಗೂ ಹಬ್ಬುವುದರಲ್ಲಿ ಈ ಕಾರ್ಖಾನೆಯ ಪಾಲು ದೊಡ್ಡದು. ಅಲ್ಲಿ ನೇಯ್ದ ಸೀರೆಯೊಂದನ್ನು ಕೈಗೆತ್ತಿಕೊಂಡರೆ ಅದರ ನುಣುಪು, ಹೊಳಪು, ಬಿಗುವು ಮೂರೂ ಒಮ್ಮೆಗೇ ಅನುಭವಕ್ಕೆ ಬರುತ್ತವೆ. ಆದರೆ ಈ ಗುಣಗಳನ್ನು ಎಳೆಗೆ ಮೊದಲು ಕೊಟ್ಟುದು ಮಗ್ಗವಲ್ಲ, ನೇಕಾರನೂ ಅಲ್ಲ. ಮಗ್ಗಕ್ಕೆ ಬರುವ ಮುನ್ನವೇ ಅವು ಎಳೆಯಲ್ಲಿ ನೆಲೆಗೊಂಡಿರುತ್ತವೆ. ಅವನ್ನು ಕೊಟ್ಟ ಕಾರ್ಖಾನೆ ನಮ್ಮ ಬೆರಳಿನಷ್ಟು ಚಿಕ್ಕದು. ಅದೇ ರೇಷ್ಮೆ ಹುಳುವಿನ ಒಡಲು.

ತಿರುಮಕೂಡಲು ನರಸೀಪುರ, ಕೊಳ್ಳೇಗಾಲ, ರಾಮನಗರ ಮೊದಲಾದ ಸೀಮೆಗಳಲ್ಲಿ ರೇಷ್ಮೆ ಸಾಕಣೆಯು ತಲೆಮಾರುಗಳಿಂದ ನಡೆದುಬಂದ ಕಸುಬು. ಹಿಪ್ಪುನೇರಳೆ ಸೊಪ್ಪನ್ನು ಹಗಲಿರುಳೆನ್ನದೆ ಮೇಯುವ ಹುಳು ನಾಲ್ಕು ಸಲ ಜ್ವರಕ್ಕೆ ಕುಳಿತು, ನಾಲ್ಕು ಸಲ ಪೊರೆ ಕಳಚಿ, ಸುಮಾರು ನಾಲ್ಕು ವಾರಗಳಲ್ಲಿ ಹಣ್ಣಾಗುತ್ತದೆ. ಹಣ್ಣಾದ ಹುಳುಗಳನ್ನು ಆಯ್ದು ರೈತನು ಬಿದಿರಿನ ಚಂದ್ರಿಕೆಯ ಮೇಲೆ ಬಿಡುತ್ತಾನೆ. ಆಗ ಹುಳುವಿನ ಎರಡು ಗ್ರಂಥಿಗಳಲ್ಲಿ ತುಂಬಿರುವುದು ದಾರವಲ್ಲ. ಪ್ರೋಟೀನು ನೀರಿನಲ್ಲಿ ಬೆರೆತ ಮಂದವಾದ ದ್ರವ. ಹುಳು ಆ ದ್ರವದ ತುದಿಯನ್ನು ಚಂದ್ರಿಕೆಗೆ ಅಂಟಿಸುತ್ತದೆ. ಬಳಿಕ 8ರ ಅಂಕೆಯನ್ನು ಬರೆಯುವಂತೆ ತಲೆಯನ್ನು ಅತ್ತಿತ್ತ ತೂಗುತ್ತ ಎಳೆಯುತ್ತ ಹೋಗುತ್ತದೆ. ಕಿರಿದಾಗುತ್ತ ಬರುವ ನಾಳದಲ್ಲಿ ದ್ರವವು ಹರಿಯುವಾಗ ಅದರ ಉದ್ದುದ್ದನೆಯ ಅಣುಗಳು ಹರಿವಿನ ದಿಕ್ಕಿಗೆ ಸಾಲುಗೂಡುತ್ತವೆ. ನಡುವಿನ ನೀರು ಹಿಂದೆ ಸರಿಯುತ್ತದೆ. ಅಣುಗಳು ಒಂದಕ್ಕೊಂದು ಒತ್ತಾಗಿ ಹೊಂದಿಕೊಂಡು ಅತಿ ಸೂಕ್ಷ್ಮವಾದ ಸ್ಫಟಿಕಗಳಾಗುತ್ತವೆ. ಕ್ಷಣದ ಹಿಂದೆ ದ್ರವವಾಗಿದ್ದುದು ಈಗ ಕುದಿಯುವ ನೀರಿಗೂ ಕರಗದ ಎಳೆ. ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಸಡಿಲವಾಗುವುದು ಎಳೆಯ ಹೊರಗಿನ ಅಂಟು ಮಾತ್ರ. ಒಳಗಿನ ಎಳೆ ಹಾಗೆಯೇ ಉಳಿಯುತ್ತದೆ.

ಒಲೆಯಿಲ್ಲ, ಹೊಗೆಯಿಲ್ಲ, ಯಂತ್ರದ ಸದ್ದಿಲ್ಲ. ಸೊಪ್ಪು ತಿಂದ ಹುಳು ರೇಷ್ಮೆಯನ್ನು ಎಳೆದುಕೊಡುತ್ತದೆ. ಅಷ್ಟೇ ಅಲ್ಲ, ತನ್ನ ಕಾಲ ಮುಗಿದ ಮೇಲೆ ಆ ರೇಷ್ಮೆ ಮೆಲ್ಲಮೆಲ್ಲನೆ ಮಣ್ಣಿನಲ್ಲಿ ಮಣ್ಣಾಗುತ್ತದೆ. ಇಂಥ ಎಳೆಯನ್ನು ಮನುಷ್ಯನು ತಾನೇ ಮಾಡಬಲ್ಲನೆ? ಈ ಪ್ರಶ್ನೆಗೆ ಉತ್ತರ ದೊರಕಿಸಿದವರಲ್ಲಿ ಅಗ್ರಗಣ್ಯನು ಅಮೆರಿಕದ ರಸಾಯನ ವಿಜ್ಞಾನಿ ವಾಲೇಸ್ ಕರೋದರ್ಸ್.

ಕರೋದರ್ಸನು 1896ನೆಯ ಇಸವಿ ಏಪ್ರಿಲ್ 27ರಂದು ಅಯೋವಾ ಸಂಸ್ಥಾನದ ಬರ್ಲಿಂಗ್ಟನ್ ಎಂಬ ಊರಿನಲ್ಲಿ ಹುಟ್ಟಿದನು. ನಾಲ್ವರು ಮಕ್ಕಳಲ್ಲಿ ಇವನೇ ಹಿರಿಯ. ತಂದೆ ವಾಣಿಜ್ಯ ವಿದ್ಯಾಲಯವೊಂದರಲ್ಲಿ ಅಧ್ಯಾಪಕ. ಮಗನೂ ಪ್ರೌಢಶಾಲೆಯನ್ನು ಮುಗಿಸಿ ತಂದೆಯ ವಿದ್ಯಾಲಯದಲ್ಲಿಯೇ ಲೆಕ್ಕಪತ್ರ ಇಡುವ ವಿದ್ಯೆಯನ್ನು ಕಲಿತನು. ಆದರೆ ಅವನ ಮನಸ್ಸು ಲೆಕ್ಕದ ಪುಸ್ತಕದಲ್ಲಿ ನಿಲ್ಲಲಿಲ್ಲ. 1915ರಲ್ಲಿ ಮಿಸೌರಿ ಸಂಸ್ಥಾನದ ಟಾರ್ಕಿಯೊ ಕಾಲೇಜನ್ನು ಸೇರಿ ರಸಾಯನ ವಿಜ್ಞಾನಕ್ಕೆ ಒಲಿದನು. ಅದೊಂದು ಚಿಕ್ಕ ಕಾಲೇಜು. ನಡುವೆ ರಸಾಯನ ವಿಜ್ಞಾನದ ಅಧ್ಯಾಪಕರು ಬೇರೆಡೆಗೆ ಹೊರಟುಹೋದಾಗ, ಇನ್ನೂ ವಿದ್ಯಾರ್ಥಿಯಾಗಿದ್ದ ಕರೋದರ್ಸನೇ ತನ್ನ ಜೊತೆಯವರಿಗೆ ಆ ವಿಷಯವನ್ನು ಕಲಿಸುವ ಹೊಣೆಯನ್ನು ಹೊತ್ತನು. ಬೆಂಚಿನ ಮೇಲೆ ಕುಳಿತಿದ್ದವನು ಕರಿಹಲಗೆಯ ಮುಂದೆ ನಿಂತನು.

ಮುಂದೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1924ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದನು. 1926ರಲ್ಲಿ ಪ್ರಖ್ಯಾತವಾದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬೋಧಕನಾದನು. ಸಂಗೀತದಲ್ಲಿಯೂ ಸಾಹಿತ್ಯದಲ್ಲಿಯೂ ಅವನಿಗೆ ಅಭಿರುಚಿಯಿತ್ತು. ಆದರೆ ಜನರ ಮುಂದೆ ನಿಂತು ಮಾತನಾಡುವುದೆಂದರೆ ಬಲು ಸಂಕೋಚ. ಇದಕ್ಕಿಂತ ಭಾರವಾದ ಇನ್ನೊಂದು ಕಷ್ಟವೂ ಅವನ ಬೆನ್ನಿಗಿತ್ತು. ಎಳೆಯ ವಯಸ್ಸಿನಿಂದಲೇ ಅವನನ್ನು ಆಗಾಗ ಕಾರಣವಿಲ್ಲದ ವಿಷಾದವು ಕವಿಯುತ್ತಿತ್ತು. ಆ ದಿನಗಳಲ್ಲಿ ಕೆಲಸದಲ್ಲಿ ಆಸಕ್ತಿ ಹುಟ್ಟುತ್ತಿರಲಿಲ್ಲ, ತನ್ನ ಶಕ್ತಿಯಲ್ಲಿ ತನಗೇ ನಂಬಿಕೆ ಉಳಿಯುತ್ತಿರಲಿಲ್ಲ.

ಡ್ಯೂಪಾಂಟ್ ಎಂಬ ದೊಡ್ಡ ಕಂಪನಿ ಆಗ ಒಂದು ಹೊಸ ಪ್ರಯೋಗಕ್ಕೆ ಕೈಹಾಕಿತ್ತು. ಕೂಡಲೇ ಲಾಭ ತರುವ ಸರಕನ್ನು ಹುಡುಕುವ ಬದಲು, ವಸ್ತುಗಳ ಮೂಲಸ್ವರೂಪವನ್ನು ತಿಳಿಯುವ ಶುದ್ಧ ಸಂಶೋಧನೆಗಾಗಿ ಒಂದು ವಿಭಾಗವನ್ನು ತೆರೆಯಬೇಕೆಂಬುದು ಅದರ ಯೋಚನೆ. ಆ ವಿಭಾಗಕ್ಕೆ ಕರೋದರ್ಸನನ್ನು ಕರೆಯಿತು. ಅವನು ಮೊದಲು ಒಪ್ಪಲಿಲ್ಲ. ತನ್ನ ಮನಸ್ಸಿನ ಅಸ್ವಸ್ಥತೆಯು ಕಂಪನಿಯ ಕೆಲಸಕ್ಕೆ ಅಡ್ಡಿಯಾದೀತೆಂದು ಅವನೇ ಮುಚ್ಚುಮರೆಯಿಲ್ಲದೆ ತಿಳಿಸಿದನು. ಕಂಪನಿಯವರು ಮತ್ತೆ ಮತ್ತೆ ಕೇಳಿಕೊಂಡ ಮೇಲೆ ಒಪ್ಪಿ, 1928ರಲ್ಲಿ ವಿಲ್ಮಿಂಗ್ಟನ್ ನಗರದ ಪ್ರಯೋಗಶಾಲೆಗೆ ಹೋದನು. ಆಗ ಅವನಿಗೆ ಮೂವತ್ತೊಂದು ವರ್ಷ.

ಆ ಕಾಲದಲ್ಲಿ ರಸಾಯನ ವಿಜ್ಞಾನಿಗಳ ನಡುವೆ ಒಂದು ದೊಡ್ಡ ವಾದ ನಡೆದಿತ್ತು. ರಬ್ಬರು, ಹತ್ತಿ, ರೇಷ್ಮೆ ಇವುಗಳ ಅಣುಗಳು ಹೇಗಿವೆ? ಚಿಕ್ಕ ಚಿಕ್ಕ ಅಣುಗಳು ಯಾವುದೋ ಆಕರ್ಷಣೆಯಿಂದ ಗುಂಪುಗೂಡಿ ನಿಂತಿವೆಯೆಂದು ಹಲವರ ನಂಬಿಕೆ. ಅವು ಸಾವಿರಾರು ಕೊಂಡಿಗಳಿರುವ ಸರಪಣಿಗಳಂತಹ ಬೃಹದಣುಗಳು ಎಂದು ಜರ್ಮನಿಯ ಹೆರ್ಮನ್ ಸ್ಟೌಡಿಂಗರ್ 1920ರಿಂದಲೂ ವಾದಿಸುತ್ತಿದ್ದನು. ಕರೋದರ್ಸನು ವಾದಕ್ಕೆ ಇಳಿಯಲಿಲ್ಲ. ನಿಜವಾಗಿಯೂ ಸರಪಣಿಗಳಾದರೆ ಕೊಂಡಿಗೆ ಕೊಂಡಿ ಸೇರಿಸಿ ಅವನ್ನು ಕಟ್ಟಿಯೇ ತೋರಿಸೋಣವೆಂದು ನಿರ್ಧರಿಸಿದನು. ಎರಡು ತುದಿಗಳಲ್ಲಿಯೂ ಕೂಡುವ ಗುಣವುಳ್ಳ ಆಮ್ಲವೊಂದನ್ನೂ ಮದ್ಯಸಾರದ ಜಾತಿಯ ವಸ್ತುವೊಂದನ್ನೂ ಬೆರೆಸಿ ಕಾಯಿಸಿದರೆ ಅವು ಕೈಗೆ ಕೈ ಹಿಡಿದು ಸಾಲಾಗಿ ನಿಲ್ಲುತ್ತವೆ. ಪ್ರತಿಯೊಂದು ಕೈಹಿಡಿತಕ್ಕೂ ಒಂದು ನೀರಿನ ಅಣು ಹೊರಬೀಳುತ್ತದೆ. ಹೀಗೆ ಹುಟ್ಟಿದ ಸರಪಣಿಗೆ ಪಾಲಿಎಸ್ಟರ್ ಎಂದು ಹೆಸರು. ಇಂಥ ಸರಪಣಿಯಣುಗಳಿಗೆಲ್ಲ ಸಾಮಾನ್ಯವಾದ ಹೆಸರು ಪಾಲಿಮರ್.

ಆದರೆ ಸರಪಣಿಯು ಒಂದು ಉದ್ದಕ್ಕೆ ಬಂದು ನಿಂತುಬಿಡುತ್ತಿತ್ತು. ಏನು ಮಾಡಿದರೂ ಮುಂದಕ್ಕೆ ಬೆಳೆಯದು. ಅದರ ಕಾರಣವನ್ನು ಕರೋದರ್ಸನು ಕಂಡುಹಿಡಿದನು. ಹೊರಬಿದ್ದ ನೀರು ಅಲ್ಲಿಯೇ ಉಳಿದು, ಕೂಡಿದ ಕೊಂಡಿಗಳನ್ನು ಮತ್ತೆ ಬಿಡಿಸುತ್ತಿತ್ತು. ಕಟ್ಟುವ ಕೆಲಸವೂ ಬಿಚ್ಚುವ ಕೆಲಸವೂ ಸಮಸಮವಾಗಿ ನಡೆದರೆ ಸರ ಬೆಳೆಯುವುದೆಂತು? ಗಾಳಿಯನ್ನು ಹೊರತೆಗೆದ ವಿಶೇಷ ಪಾತ್ರೆಯಲ್ಲಿ ಕಾಯಿಸಿ, ನೀರು ಹುಟ್ಟಿದ ಹಾಗೆಲ್ಲ ಅದನ್ನು ತೆಗೆದುಹಾಕುವ ಉಪಾಯವನ್ನು ಅವನ ತಂಡ ಕೈಗೊಂಡಿತು. ಸರಪಣಿಗಳು ಹಿಂದೆಂದೂ ಕಾಣದಷ್ಟು ಉದ್ದವಾದವು.

1930ನೆಯ ಇಸವಿ ಏಪ್ರಿಲ್ ತಿಂಗಳು ಅವನ ತಂಡಕ್ಕೆ ಸುಗ್ಗಿಯ ಕಾಲವಾಯಿತು. ಕೃತಕ ರಬ್ಬರಾದ ನಿಯೋಪ್ರೀನ್ ಆ ತಿಂಗಳಲ್ಲಿಯೇ ದೊರಕಿತು. ಅದೇ ತಿಂಗಳಲ್ಲಿ ಕರೋದರ್ಸನ ಸಹಾಯಕ ಜೂಲಿಯನ್ ಹಿಲ್ ಪಾತ್ರೆಯಲ್ಲಿ ಕಾದು ಕರಗಿದ್ದ ಹೊಸ ಪಾಲಿಎಸ್ಟರಿಗೆ ಗಾಜಿನ ಕಡ್ಡಿಯನ್ನು ತಾಗಿಸಿ ಮೇಲೆತ್ತಿದನು. ಪಾಕ ಹದಕ್ಕೆ ಬಂದಿದೆಯೇ ಎಂದು ಸೌಟನ್ನೆತ್ತಿ ನೋಡುವಾಗ ನೂಲು ಏಳುವಂತೆ, ಕಡ್ಡಿಯ ಹಿಂದೆ ಉದ್ದನೆಯ ಎಳೆಯೊಂದು ಎದ್ದು ಬಂದಿತು. ತಣಿದ ಆ ಎಳೆ ಮೊದಲು ಮಬ್ಬಾಗಿತ್ತು, ಜಗ್ಗಿದರೆ ಮುರಿಯುವಂತಿತ್ತು. ಆದರೆ ಮೆಲ್ಲನೆ ಎಳೆದಾಗ ಅದು ಮುರಿಯಲಿಲ್ಲ; ತನ್ನ ಮೊದಲಿನ ಉದ್ದದ ಹಲವು ಪಟ್ಟು ಹಿಗ್ಗಿತು. ಹಿಗ್ಗಿ ನಿಂತ ಎಳೆಗೆ ರೇಷ್ಮೆಯ ಹೊಳಪು ಬಂದಿತ್ತು. ಎಷ್ಟೋ ಪಟ್ಟು ಹೆಚ್ಚಿನ ಬಲವೂ ಬಂದಿತ್ತು. ವಸ್ತು ಅದೇ, ಎಳೆದುದರಿಂದ ಮಾತ್ರ ಈ ಮಾರ್ಪಾಡು.

ಇದರ ಒಳಗುಟ್ಟೇನು? ಕಾದು ಕರಗಿದ ಪಾಲಿಮರಿನಲ್ಲಿ ಸರಪಣಿಗಳು ಬೇಯಿಸಿದ ಶಾವಿಗೆಯ ಮುದ್ದೆಯಂತೆ ಒಂದರೊಳಗೊಂದು ತೊಡಕಿಕೊಂಡಿರುತ್ತವೆ. ಅಲುಗಾಡಿಸದೆ ತಣಿಸಿದರೆ, ಅಲ್ಲಲ್ಲಿ ಒಂದಷ್ಟು ಸರಪಣಿಗಳು ಮಡಿಚಿಕೊಂಡು ಸ್ಫಟಿಕದ ಮೊಳಕೆಗಳಾಗುತ್ತವೆ. ಆ ಮೊಳಕೆಯಿಂದ ಸ್ಫಟಿಕವು ಸುತ್ತಲೂ ಚೆಂಡಿನಾಕಾರದಲ್ಲಿ ಬೆಳೆಯುತ್ತದೆ. ಇಂಥ ವಸ್ತುವಿಗೆ ಎಲ್ಲ ದಿಕ್ಕಿಗೂ ಒಂದೇ ಬಗೆಯ ಬಲ. ಎಳೆಗೆ ಬೇಕಾದ ಬಿಗುವು ಅದಕ್ಕೆ ಬಾರದು. ಎಳೆದಾಗ ಸರಪಣಿಗಳು ತೊಡಕು ಬಿಟ್ಟು ಎಳೆತದ ದಿಕ್ಕಿಗೆ ಸಾಲುಗೊಳ್ಳುತ್ತವೆ. ಸ್ಫಟಿಕಗಳೂ ಆ ದಿಕ್ಕನ್ನೇ ಹಿಡಿಯುತ್ತವೆ. ತಣಿದ ಎಳೆಯನ್ನು ಎಳೆದರೆ ಮಾತ್ರವಲ್ಲ, ಕಾದ ದ್ರವವು ಕಿರಿದಾದ ಬಾಯಿಯ ಮೂಲಕ ರಭಸದಿಂದ ಹರಿಯುವಾಗಲೂ ಹೀಗೆಯೇ ಆಗುತ್ತದೆಂಬುದು ಮುಂದಿನ ದಶಕಗಳಲ್ಲಿ ಸ್ಪಷ್ಟವಾಯಿತು. ಹರಿವಿನಲ್ಲಿ ಅತಿ ಉದ್ದನೆಯ ಸರಪಣಿಗಳು ನೆಟ್ಟಗೆ ಚಾಚಿಕೊಂಡು ನಡುವಿನ ನೂಲಾಗುತ್ತವೆ. ಮಿಕ್ಕ ಸರಪಣಿಗಳು ಆ ನೂಲನ್ನು ಆಶ್ರಯಿಸಿ ಅಡ್ಡಡ್ಡಲಾಗಿ ಸ್ಫಟಿಕದ ಬಿಲ್ಲೆಗಳಾಗಿ ಬೆಳೆಯುತ್ತವೆ. ಮೈಸೂರು ಮಲ್ಲಿಗೆಯ ದಂಡೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ನಾರು, ಅದಕ್ಕೆ ಅಡ್ಡವಾಗಿ ಕಟ್ಟಿದ ಹೂವು. ಹರಿವು ಇಲ್ಲದಿದ್ದರೆ ಹೂವಿನ ರಾಶಿ. ಹರಿವು ಇದ್ದರೆ ದಂಡೆ.

ಕರೋದರ್ಸನ ತಂಡವನ್ನು 1934ರಲ್ಲಿ ಸೇರಿದ ಪಾಲ್ ಫ್ಲೋರಿ ಎಂಬ ತರುಣನು ಮುಂದೆ, 1947ರಲ್ಲಿ, ಎಳೆತದಿಂದ ಸ್ಫಟಿಕಗಳು ಹುಟ್ಟುವುದು ಹೇಗೆ ಸುಲಭವಾಗುತ್ತದೆಂಬುದನ್ನು ಗಣಿತದ ಮೂಲಕ ವಿವರಿಸಿದನು. ಆತನಿಗೆ 1974ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸ್ಟೌಡಿಂಗರನಿಗೆ ಅದು 1953ರಲ್ಲಿಯೇ ಸಂದಿತ್ತು.

ಹಿಲ್ ಎಳೆದ ಎಳೆ ಬಟ್ಟೆಗೆ ಒದಗಲಿಲ್ಲ. ಅದು ಬಿಸಿನೀರಿಗೇ ಮೆತ್ತಗಾಗುತ್ತಿತ್ತು. ತೊಳೆಯಲೂ ಇಸ್ತ್ರಿ ಮಾಡಲೂ ಬಾರದ ಬಟ್ಟೆಯನ್ನು ಕೊಳ್ಳುವವರು ಯಾರು? ಕರೋದರ್ಸನ ತಂಡವು ಇದೇ ಜಾತಿಯ ಇನ್ನೂ ಕೆಲವು ಪಾಲಿಮರುಗಳನ್ನು ಮಾಡಿ ನೋಡಿತು. ಮೊಸರಿಗೆ ಹುಳಿಯನ್ನು ಕೊಡುವ ಲ್ಯಾಕ್ಟಿಕ್ ಆಮ್ಲದಿಂದ ಹುಟ್ಟುವ ಉಂಗುರದಾಕಾರದ ಅಣುಗಳನ್ನು ಸರಪಣಿಯಾಗಿಸುವ ಕ್ರಮವನ್ನು 1932ರಲ್ಲಿ ಪ್ರಕಟಿಸಿತು. ಕ್ಯಾಪ್ರೊಲ್ಯಾಕ್ಟೋನ್ ಎಂಬ ವಸ್ತುವಿನಿಂದ ಪಾಲಿಮರನ್ನು ಮಾಡಿ 1934ರಲ್ಲಿ ಪ್ರಕಟಿಸಿತು. ಇವೆಲ್ಲವೂ ಗಟ್ಟಿಮುಟ್ಟಾದ ಎಳೆಯಾಗುವ ಯೋಗ್ಯತೆಯನ್ನು ಆಗ ತೋರಲಿಲ್ಲ. ನೀರಿಗೆ ಅಳುಕುವ, ಬಿಸಿಗೆ ಬಾಗುವ ವಸ್ತುಗಳೆಂದು ಅವು ಮೂಲೆಗೆ ಸರಿದವು. ಈ ಮೂಲೆಯನ್ನು ನಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕಥೆ ಮತ್ತೆ ಇಲ್ಲಿಗೆ ಬರುತ್ತದೆ.

1934ರಲ್ಲಿ ಕರೋದರ್ಸನು ದಾರಿಯನ್ನು ಬದಲಿಸಿದನು. ರೇಷ್ಮೆಯ ಪ್ರೋಟೀನಿನಲ್ಲಿ ಕೊಂಡಿಗಳು ಯಾವ ಬಗೆಯವೋ ಅದೇ ಬಗೆಯ ಕೊಂಡಿಗಳುಳ್ಳ ಸರಪಣಿಗಳನ್ನು ಕಟ್ಟತೊಡಗಿದನು. ಅವೇ ಪಾಲಿಅಮೈಡುಗಳು. 1935ನೆಯ ಇಸವಿ ಫೆಬ್ರವರಿ 28ರಂದು ಆರು ಇಂಗಾಲದ ಪರಮಾಣುಗಳುಳ್ಳ ಎರಡು ವಸ್ತುಗಳನ್ನು ಕೂಡಿಸಿದಾಗ ಅವನ ತಂಡಕ್ಕೆ ಬೇಕಾದುದು ಸಿಕ್ಕಿತು. ಅದು ಸುಮಾರು 260 ಡಿಗ್ರಿ ಸೆಲ್ಸಿಯಸ್ ಶಾಖದವರೆಗೂ ಕರಗದು. ಕುದಿಯುವ ನೀರಿಗೆ ಅಂಜದು. ಎಳೆದರೆ ರೇಷ್ಮೆಯಂತೆ ಹೊಳೆಯುವುದು. ಅದಕ್ಕೆ ಆ ಬಳಿಕ ನೈಲಾನ್ ಎಂದು ಹೆಸರಾಯಿತು.

1936ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಅವನನ್ನು ಸದಸ್ಯನನ್ನಾಗಿ ಆರಿಸಿತು. ಅದೇ ವರ್ಷ ಅವನಿಗೆ ವಿವಾಹವೂ ಆಯಿತು. ಹೊರಗಿನಿಂದ ನೋಡುವವರಿಗೆ ಅವನ ಬಾಳು ತುಂಬಿದ ಕೊಡ. ಆದರೆ ಒಳಗಿನ ಕತ್ತಲೆ ಹೆಚ್ಚುತ್ತಲೇ ಇತ್ತು. 1937ರ ಆರಂಭದಲ್ಲಿ ಪ್ರೀತಿಯ ತಂಗಿಯು ತೀರಿಕೊಂಡಳು. ಆ ಪೆಟ್ಟಿನಿಂದ ಅವನು ಚೇತರಿಸಿಕೊಳ್ಳಲಿಲ್ಲ. ತನ್ನಿಂದ ಇನ್ನಾವ ಹೊಸ ವಿಚಾರವೂ ಹುಟ್ಟದು, ತಾನು ಸೋತವನು ಎಂಬ ಭಾವನೆ ಅವನನ್ನು ಬಿಗಿಯಾಗಿ ಹಿಡಿಯಿತು. ಲೋಕವು ಅವನನ್ನು ಗೆದ್ದವನೆಂದು ಎಣಿಸುತ್ತಿದ್ದಾಗಲೇ ಅವನು ತನ್ನನ್ನು ಸೋತವನೆಂದು ಎಣಿಸಿದನು. 1937ನೆಯ ಇಸವಿ ಏಪ್ರಿಲ್ 29ರಂದು, ನಲವತ್ತೊಂದನೆಯ ಹುಟ್ಟುಹಬ್ಬದ ಎರಡು ದಿನಗಳ ತರುವಾಯ, ಆ ರೋಗವು ಅವನ ಪ್ರಾಣವನ್ನು ತೆಗೆದುಕೊಂಡಿತು; ತನ್ನ ಬಾಳನ್ನು ಅವನು ತಾನೇ ಮುಗಿಸಿಕೊಂಡನು. ಮಗಳು ಹುಟ್ಟಿದ್ದು ಆ ವರ್ಷದ ನವೆಂಬರಿನಲ್ಲಿ. ತಂದೆಯ ಮುಖವನ್ನು ಆ ಮಗು ಕಾಣಲಿಲ್ಲ.

ವಿಷಾದವು ದುರ್ಬಲರ ಲಕ್ಷಣವೆಂದು ಬಗೆಯುವವರು ಇಂದಿಗೂ ಇದ್ದಾರೆ. ಅದು ತಪ್ಪು. ಮಲೇರಿಯ ಹೇಗೆ ದೇಹದ ರೋಗವೋ ಹಾಗೆ ಇದು ಮನಸ್ಸಿನ ರೋಗ. ಮೇಧಾವಿಗಳನ್ನೂ ಅದು ಬಿಡದು. ಇಂದು ಅದಕ್ಕೆ ಕರೋದರ್ಸನ ಕಾಲದಲ್ಲಿ ಇಲ್ಲದಿದ್ದ ಚಿಕಿತ್ಸೆಗಳಿವೆ. ಮನಸ್ಸಿಗೆ ಕತ್ತಲೆ ಕವಿದವರು ಅದನ್ನು ಮನೆಯ ಹಿರಿಯರೊಡನೆಯೋ ಗುರುಗಳೊಡನೆಯೋ ವೈದ್ಯರೊಡನೆಯೋ ಹೇಳಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಜೊತೆಯವರಲ್ಲಿ ಯಾರಾದರೂ ಹಾಗೆ ಮಂಕಾಗಿ ಕುಳಿತುದನ್ನು ಕಂಡರೆ ಅವರ ಬಳಿಗೆ ಹೋಗಿ ಕುಳಿತುಕೊಳ್ಳುವುದು ನಮ್ಮ ಕರ್ತವ್ಯ.

ಅವನು ಕಣ್ಮರೆಯಾದ ಮರುವರ್ಷ, 1938ರ ಅಕ್ಟೋಬರಿನಲ್ಲಿ, ನೈಲಾನನ್ನು ಲೋಕಕ್ಕೆ ಸಾರಲಾಯಿತು. 1940ರ ಮೇ 15ರಂದು ನೈಲಾನಿನ ಕಾಲುಚೀಲಗಳು ಅಮೆರಿಕದ ಉದ್ದಗಲಕ್ಕೂ ಮಾರಾಟಕ್ಕೆ ಬಂದಾಗ ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಆಗ ಮಹಾಯುದ್ಧದ ಕಾಲ. ಪ್ಯಾರಾಷೂಟುಗಳಿಗೆ ಅಮೆರಿಕವು ರೇಷ್ಮೆಯ ಬದಲು ನೈಲಾನನ್ನು ಹಿಡಿಯಿತು. ಇತ್ತ ಪ್ಯಾರಾಷೂಟುಗಳಿಗಾಗಿಯೇ ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ಬೇಡಿಕೆ ಬಂದಿತು. ಅದಕ್ಕೂ ಮುನ್ನ ಅಗ್ಗದ ಕೃತಕ ರೇಷ್ಮೆಯ ಮತ್ತು ಹೊರದೇಶದ ರೇಷ್ಮೆಯ ಪೈಪೋಟಿಯಿಂದ ನಮ್ಮ ಸಾಕಣೆದಾರರು ನೊಂದಿದ್ದರು. ಯುದ್ಧ ಮುಗಿದ ಮೇಲೆ ನೈಲಾನ್ ಸೀರೆಗಳು ಬಂದವು. ತೊಳೆಯುವುದು ಸುಲಭ, ಒಣಗುವುದು ಬೇಗ, ಬೆಲೆ ಕಡಿಮೆ. ಆದರೂ ರೇಷ್ಮೆ ಅಳಿಯಲಿಲ್ಲ. ಮೈಸೂರಿನಲ್ಲಿ 1961ರಲ್ಲಿ ರೇಷ್ಮೆ ಸಂಶೋಧನೆ ಮತ್ತು ತರಬೇತಿಯ ಕೇಂದ್ರ ಸಂಸ್ಥೆ ಆರಂಭವಾಗಿ, ಉತ್ತಮ ತಳಿಯ ಹುಳುಗಳನ್ನೂ ಹಿಪ್ಪುನೇರಳೆಯನ್ನೂ ರೈತರಿಗೆ ಒದಗಿಸಿತು.

ನೈಲಾನಿನ ದೊಡ್ಡ ಗುಣವೆಂದರೆ ಬಾಳಿಕೆ. ಆ ಗುಣವೇ ಕಾಲಾಂತರದಲ್ಲಿ ದೋಷವಾಗಿಯೂ ಕಂಡಿತು. ಮೀನುಗಾರರಿಂದ ತಪ್ಪಿದ ನೈಲಾನ್ ಬಲೆಗಳು ಕಡಲಿನಲ್ಲಿ ಕೊಳೆಯದೆ ಉಳಿದು ಜಲಚರಗಳಿಗೆ ಉರುಳಾದವು. ಅದರ ಹಿಂದೆ ಬಂದ ಬಗೆಬಗೆಯ ಪ್ಲಾಸ್ಟಿಕ್ಕುಗಳು ಚರಂಡಿಗಳನ್ನು ಕಟ್ಟಿದವು, ದನಗಳ ಹೊಟ್ಟೆಯನ್ನು ಸೇರಿದವು. 2016ರಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಕೈಚೀಲ ಮೊದಲಾದವುಗಳನ್ನು ನಿಷೇಧಿಸಿತು. ಕೆಲಸವಿರುವಷ್ಟು ದಿನ ಗಟ್ಟಿಯಾಗಿದ್ದು, ಕೆಲಸ ಮುಗಿದ ಮೇಲೆ ರೇಷ್ಮೆಯಂತೆ ಮಣ್ಣಿಗೆ ಸೇರುವ ವಸ್ತು ಬೇಕೆಂದು ಲೋಕವು ಹುಡುಕತೊಡಗಿತು.

ಹುಡುಕಿದವರಿಗೆ ಕರೋದರ್ಸನು ಮೂಲೆಗೆ ಸರಿಸಿದ್ದ ವಸ್ತುಗಳೇ ಸಿಕ್ಕವು. ಲ್ಯಾಕ್ಟಿಕ್ ಆಮ್ಲದ ಪಾಲಿಮರು ಇಂದು ಲೋಟ, ತಟ್ಟೆ, ಚೀಲಗಳಾಗಿ ಬಳಕೆಗೆ ಬಂದಿದೆ. ಶಸ್ತ್ರಚಿಕಿತ್ಸೆಯ ಗಾಯವನ್ನು ಹೊಲಿದು, ಗಾಯ ಮಾದ ಮೇಲೆ ಶರೀರದಲ್ಲಿಯೇ ಕರಗಿಹೋಗುವ ದಾರಗಳು ಈ ಜಾತಿಯ ಪಾಲಿಮರುಗಳಿಂದಲೇ ಆದುವು. ನೀರಿಗೆ ಅಳುಕುವುದೆಂಬ ಅಂದಿನ ಅವಗುಣವೇ ಇಂದು ಸದ್ಗುಣವಾಯಿತು. ನೀರು ಮೊದಲು ಸರಪಣಿಗಳನ್ನು ತುಂಡರಿಸುತ್ತದೆ. ಆ ತುಂಡುಗಳನ್ನು ಸೂಕ್ಷ್ಮಜೀವಿಗಳು ಉಣ್ಣುತ್ತವೆ. ಆದರೆ ಎಸೆದ ಕಡೆಯಲ್ಲೆಲ್ಲ ಇದು ಕರಗದು. ಚೆನ್ನಾಗಿ ಬಿಸಿಯೇರಿದ ಗೊಬ್ಬರದ ರಾಶಿಯಲ್ಲಿ ಬೇಗ, ತಣ್ಣನೆಯ ಮಣ್ಣಿನಲ್ಲಿ ಬಹಳ ನಿಧಾನ. ಆದುದರಿಂದ ಎಲ್ಲೆಂದರಲ್ಲಿ ಎಸೆಯಲು ಇದು ಪರವಾನಗಿಯಲ್ಲ.

ಇಲ್ಲಿಯೂ ಮುಖ್ಯವಾದುದು ಹರಿವಿನ ಗುಟ್ಟೇ. ಲ್ಯಾಕ್ಟಿಕ್ ಆಮ್ಲದ ಪಾಲಿಮರು ಬಲು ಸೋಮಾರಿ. ಅದರ ಸರಪಣಿಗಳು ಸ್ಫಟಿಕವಾಗಲು ಹೆಚ್ಚು ಹೊತ್ತು ಬೇಕು. ಕರಗಿಸಿ ಅಚ್ಚಿಗೆ ಹೊಯ್ದು ಬೇಗ ತಣಿಸಿದರೆ ಅದು ಗಾಜಿನಂತೆ ನಿಂತುಬಿಡುತ್ತದೆ. ಅಂಥ ಲೋಟಕ್ಕೆ ಬಿಸಿ ಕಾಫಿಯನ್ನು ಹೊಯ್ದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕರಗಿದ ವಸ್ತುವನ್ನು ತಕ್ಕ ವೇಗದಲ್ಲಿ ಹರಿಸಿ ಎಳೆದರೆ, ಸಾಲುಗೊಂಡ ಸರಪಣಿಗಳಲ್ಲಿ ಸ್ಫಟಿಕದ ಮೊಳಕೆಗಳು ಬೇಗ ಹುಟ್ಟುತ್ತವೆ; ವಸ್ತು ಬಿಸಿಯನ್ನು ತಾಳುತ್ತದೆ. ಹರಿವು ನಿಂತ ಮೇಲೆ ಬಹಳ ಹೊತ್ತು ಬಿಸಿಯಲ್ಲಿಯೇ ಬಿಟ್ಟರೆ ಸರಪಣಿಗಳು ಮತ್ತೆ ಸುರುಳಿಸುತ್ತಿಕೊಂಡು ಹರಿವನ್ನು ಮರೆತುಬಿಡುತ್ತವೆ. ಶಾಖ ಅತಿಯಾದರೆ ಇಲ್ಲವೆ ತೇವ ಉಳಿದಿದ್ದರೆ ಸರಪಣಿಗಳೇ ತುಂಡಾಗುತ್ತವೆ. ಸ್ಫಟಿಕವು ಹೆಚ್ಚಾದಷ್ಟೂ ಬಲ ಹೆಚ್ಚು. ಆದರೆ ಮಣ್ಣಾಗುವುದು ತಡ. ಬಲಕ್ಕೂ ಅಳಿವಿಗೂ ನಡುವೆ ಹದವನ್ನು ಹಿಡಿಯುವುದೇ ಇಂದಿನ ವಿಜ್ಞಾನಿಗಳ ಸಾಹಸ. ಆ ಹದವನ್ನು ರೇಷ್ಮೆ ಹುಳುವು ಯಾರಿಂದಲೂ ಕಲಿಯದೆ ಅರಿತಿದೆ.

ಕರೋದರ್ಸನ ಹೆಸರನ್ನು ಲೋಕವು ನೈಲಾನಿನೊಡನೆ ಸೇರಿಸಿ ಹೇಳುತ್ತದೆ. ಅವನು ನಿರುಪಯುಕ್ತವೆಂದು ಬದಿಗಿಟ್ಟ ಎಳೆಗಳು ಅದಕ್ಕಿಂತ ಹೆಚ್ಚು ದಿನ ಅವನನ್ನು ನೆನಪಿನಲ್ಲಿ ಉಳಿಸಿದರೂ ಉಳಿಸಬಹುದು. ಒಂದು ಕೆಲಸ ಫಲಿಸಿತೇ ಇಲ್ಲವೇ ಎಂದು ಮಾಡಿದವನು ಅಂದೇ ತೀರ್ಮಾನಿಸಲಾರನು. ಶ್ರದ್ಧೆಯಿಂದ ಮಾಡಿ, ಕಂಡುದನ್ನು ಇದ್ದಂತೆಯೇ ಬರೆದಿಟ್ಟು ಹೋದರೆ, ಮುಂದಿನವರು ಆ ತುದಿಯನ್ನು ಹಿಡಿದು ಎಳೆಯನ್ನು ಮುಂದಕ್ಕೆ ಎಳೆಯುತ್ತಾರೆ. ತಾನು ಸೋತೆನೆಂದು ನೊಂದ ಆ ಮಹನೀಯನಿಗೆ ಈ ಮಾತನ್ನು ಹೇಳುವವರು ಅಂದು ಇರಲಿಲ್ಲ. ಅವನ ಬಾಳು ಇಂದು ನಮಗೆ ಅದನ್ನು ಹೇಳುತ್ತಿದೆ.